ಕೋಲಿಗೂ ಒಂದು ಅಳತೆಯಿದೆ

ಬಾಳಗಡಿಯ ಸುತ್ತಮುತ್ತ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಒಳಹಳ್ಳಿಗಳಲ್ಲಿ ಹಳೆಯ ತೋಟದ ಮನೆಗಳಿಗೆ ಹೋಗಿ ನೋಡಿ. ಎಷ್ಟೋ ಮನೆಗಳಲ್ಲಿ ಈಗ ಇರುವುದು ಇಬ್ಬರೇ, ವಯಸ್ಸಾದ ಅಪ್ಪಯ್ಯ ಮತ್ತು ಅಮ್ಮ. ಕೆಲವು ಕಡೆ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ ಇದ್ದಾರೆ. ಅಮ್ಮನ ಮಂಡಿನೋವು ಜೋರಾಗಿದೆ, ಗೋಡೆ ಹಿಡಿದು ನಡೆಯುತ್ತಾಳೆ ಎಂದು ಫೋನಿನಲ್ಲಿ ಕೇಳಿದ ಮಗ ಅಂದೇ ರಾತ್ರಿ ಮೊಬೈಲಿನಲ್ಲಿ ವಾಕರ್ ಒಂದನ್ನು ತರಿಸಲು ಹಣ ಕಟ್ಟುತ್ತಾನೆ. ಅದು ಪೇಟೆಗೆ ಬಂದು, ಅಲ್ಲಿಂದ ಯಾರದೋ ಜೀಪಿನಲ್ಲಿ ಮನೆ ಸೇರುತ್ತದೆ. ಡಬ್ಬ ಬಿಚ್ಚಿ ಅಮ್ಮನ ಮುಂದೆ ನಿಲ್ಲಿಸುತ್ತಾರೆ. ಮಗನಿಗೂ ಸಮಾಧಾನ, ಮನೆಯವರಿಗೂ ಸಮಾಧಾನ. ಆಮೇಲೆ ಆ ಮನೆಯಲ್ಲಿ ಏನಾಗುತ್ತದೆ ಎನ್ನುವುದೇ ನನ್ನ ಇವತ್ತಿನ ಮಾತು.

ಬೀಳದಂತೆ ಕಾಯಲೆಂದು ತಂದ ಕೋಲು, ವಾಕರ್, ಗಾಲಿಕುರ್ಚಿಗಳೇ ಬೀಳಲು ಕಾರಣವಾಗಬಹುದು. ಈ ಮಾತನ್ನು ಯಾರನ್ನೂ ಹೆದರಿಸಲಿಕ್ಕೆ ಹೇಳುತ್ತಿಲ್ಲ. ಪ್ರಪಂಚದಲ್ಲಿ ಪ್ರತಿ ವರ್ಷ ಬಿದ್ದು ಸಾಯುವವರು ಸುಮಾರು 6,84,000 ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ ಹೆಚ್ಚಿನವರು 60 ದಾಟಿದವರು. ಅಮೆರಿಕದಲ್ಲಿ 2001ರಿಂದ 2006ರವರೆಗಿನ ಆಸ್ಪತ್ರೆ ದಾಖಲೆಗಳನ್ನು ತೆಗೆದು ನೋಡಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕೋಲು ಅಥವಾ ವಾಕರ್ ಹಿಡಿದು ನಡೆಯುವಾಗ ಬಿದ್ದು ತುರ್ತು ಚಿಕಿತ್ಸೆಗೆ ಬಂದ 65 ದಾಟಿದವರು ಅಲ್ಲಿ ವರ್ಷಕ್ಕೆ 47,000ಕ್ಕಿಂತ ಹೆಚ್ಚು. ನೂರಕ್ಕೆ 87 ಮಂದಿ ಬಿದ್ದದ್ದು ವಾಕರ್ ಜೊತೆಗೆ. ಬಹುಪಾಲು ಬಿದ್ದದ್ದು ಸ್ವಂತ ಮನೆಯೊಳಗೆ. ವಾಕರ್ ಹಿಡಿಯುವವರು ಮೊದಲೇ ಹೆಚ್ಚು ನಿತ್ರಾಣರಾಗಿರುತ್ತಾರೆ, ಆದ್ದರಿಂದ ವಾಕರ್ ಕೆಟ್ಟದ್ದು ಎಂದು ಈ ಲೆಕ್ಕಕ್ಕೆ ಅರ್ಥ ಹಚ್ಚಬಾರದು. ಆದರೆ ಸಮತಟ್ಟು ನೆಲ, ಅಗಲವಾದ ಬಾಗಿಲು, ರಾತ್ರಿಯಿಡೀ ಕರೆಂಟು ಇರುವ ದೇಶದಲ್ಲೇ ಹೀಗಾದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ನಾವು ಎಷ್ಟು ಎಚ್ಚರವಾಗಿರಬೇಕು ಎಂಬುದನ್ನು ಯೋಚಿಸಬೇಕು.

ಮೊದಲು ಕೋಲಿನ ವಿಷಯ. ನಮ್ಮಲ್ಲಿ ಕೋಲು ಆಸ್ತಿಯ ಹಾಗೆ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಆರಡಿ ಎತ್ತರದ ಅಜ್ಜ ಹಿಡಿಯುತ್ತಿದ್ದ ನಾಗರಬೆತ್ತದ ಕೋಲು ಅಟ್ಟದಲ್ಲಿರುತ್ತದೆ, ಅದನ್ನೇ ತೆಗೆದು ಐದಡಿಯ ಅಜ್ಜಿಯ ಕೈಗೆ ಕೊಡುತ್ತಾರೆ. ಕೋಲು ಉದ್ದವಾದರೆ ಹೆಗಲು ಮೇಲೇರುತ್ತದೆ, ತೋಳಿನ ಬಲ ಕೋಲಿಗೆ ಇಳಿಯುವುದಿಲ್ಲ. ಗಿಡ್ಡವಾದರೆ ಬೆನ್ನು ಬಾಗಿ ಮೈಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಅಳತೆ ತೆಗೆಯುವುದು ಕಷ್ಟವಲ್ಲ. ದಿನವೂ ಮೆಟ್ಟುವ ಚಪ್ಪಲಿ ಹಾಕಿಕೊಂಡು ನೇರ ನಿಲ್ಲಬೇಕು, ಕೈಗಳನ್ನು ಸಡಿಲವಾಗಿ ಇಳಿಬಿಡಬೇಕು. ಮಣಿಕಟ್ಟಿನ ಒಳಗೆ ಗೆರೆ ಇರುತ್ತದಲ್ಲ, ಅಲ್ಲಿಂದ ನೆಲಕ್ಕೆ ಎಷ್ಟು ದೂರವೋ ಅಷ್ಟೇ ಕೋಲಿನ ಎತ್ತರ. ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಮರದ ಕೋಲಾದರೆ ಅಡಿ ರಬ್ಬರಿನ ದಪ್ಪವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕತ್ತರಿಸಬೇಕು. ವಾಕರಿನ ಹಿಡಿಗೂ ಇದೇ ಅಳತೆ. ಅಲ್ಯೂಮಿನಿಯಂ ಕಾಲುಗಳಲ್ಲಿ ಸಾಲಾಗಿ ತೂತುಗಳಿರುತ್ತವೆ, ಒಂದು ಗುಂಡಿ ಒತ್ತಿದರೆ ಕಾಲು ಉದ್ದ ಗಿಡ್ಡ ಆಗುತ್ತದೆ. ಆ ಗುಂಡಿ ತೂತಿನಿಂದ ಪೂರ್ತಿ ಹೊರಗೆ ಬಂದು ಟಕ್ ಎನ್ನಬೇಕು. ಅರ್ಧ ಸಿಕ್ಕಿಕೊಂಡ ಗುಂಡಿ ಭಾರ ಬಿದ್ದೊಡನೆ ಒಳಗೆ ಜಾರುತ್ತದೆ, ನಾಲ್ಕು ಕಾಲಿನಲ್ಲಿ ಒಂದು ಗಿಡ್ಡವಾಗುತ್ತದೆ, ಹಿಡಿದವರು ಆ ಕಡೆಗೇ ಮಗುಚುತ್ತಾರೆ.

ಕೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ನೋವಿರುವ ಕಾಲಿನ ಕಡೆಯೇ ಹಿಡಿಯಬೇಕೆಂದು ಹೆಚ್ಚಿನವರು ತಿಳಿದಿದ್ದಾರೆ. ಅದು ತಪ್ಪು. ಬಲಗಾಲು ನೋವಾದರೆ ಕೋಲು ಎಡಗೈಯಲ್ಲಿರಬೇಕು, ಬಲಗಾಲು ಮುಂದಿಡುವಾಗ ಎಡಗೈಯ ಕೋಲೂ ಜೊತೆಗೇ ಮುಂದೆ ಹೋಗಬೇಕು. ಆಗ ನೋವಿನ ಕಾಲಿಗೆ ಬರುವ ಭಾರದಲ್ಲಿ ಒಂದು ಪಾಲನ್ನು ಎದುರು ಕಡೆಯ ಕೈ ಹೊರುತ್ತದೆ. ಮೆಟ್ಟಿಲಿಗೂ ಒಂದು ಕ್ರಮವಿದೆ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಕಂಕುಳುಗೋಲು ಬಳಸುವವರಿಗೆ ಒಂದೇ ಮಾತು, ಭಾರವನ್ನು ಅಂಗೈಯ ಮೇಲೆ ಬಿಡಿ. ಕಂಕುಳಿಗೂ ಕೋಲಿನ ತುದಿಗೂ ನಡುವೆ ಎರಡು ಮೂರು ಬೆರಳು ಹಿಡಿಯುವಷ್ಟು ಜಾಗ ಇರಲಿ. ಕಂಕುಳಲ್ಲೇ ಜೋತುಬಿದ್ದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ.

ಇನ್ನು ಅಡಿಯ ರಬ್ಬರ್. ಇಷ್ಟು ಸಣ್ಣ ವಸ್ತುವಿನ ಬಗ್ಗೆ ರೇಡಿಯೊದಲ್ಲಿ ಮಾತಾಡಬೇಕೇ ಎಂದು ನಿಮಗನ್ನಿಸಬಹುದು. ಮಾತಾಡಲೇಬೇಕು, ಏಕೆಂದರೆ ಹಿರಿಯರಿಗೂ ನೆಲಕ್ಕೂ ನಡುವೆ ಇರುವುದು ಅದೊಂದೇ. ಹೊಸ ರಬ್ಬರಿನ ತಳದಲ್ಲಿ ಉಂಗುರದಂಥ ಗೆರೆಗಳಿರುತ್ತವೆ. ಒದ್ದೆ ನೆಲದ ನೀರು ಆ ಗೆರೆಗಳ ಸಂದಿಗೆ ಸರಿದು ರಬ್ಬರ್ ನೆಲವನ್ನು ಕಚ್ಚುತ್ತದೆ. ಜಲ್ಲಿಕಲ್ಲಿನ ಅಂಗಳದಲ್ಲಿ ಓಡಾಡಿದ ರಬ್ಬರ್ ಕೆಲವೇ ತಿಂಗಳಲ್ಲಿ ಸವೆದು ನುಣುಪಾಗುತ್ತದೆ. ಆಮೇಲೆ ಅದು ನೀರಿನ ಮೇಲೆ ತೇಲುತ್ತದೆ, ನೆಲಕ್ಕೆ ತಾಗುವುದೇ ಇಲ್ಲ. ಕೆಲವರ ಕೋಲಿನಲ್ಲಿ ರಬ್ಬರ್ ಹರಿದು ಒಳಗಿನ ಲೋಹವೇ ಕಾಣುತ್ತಿರುತ್ತದೆ. ನಮ್ಮ ಮನೆಗಳ ಕೆಂಪು ರೆಡಾಕ್ಸೈಡ್ ನೆಲದ ಮೇಲೆ, ಅದೂ ಮಳೆಗಾಲದಲ್ಲಿ ನೆಲವೇ ಬೆವರುವ ಹೊತ್ತಿನಲ್ಲಿ, ಅಂಥ ಕೋಲು ಹಿಡಿಯುವುದಕ್ಕಿಂತ ಬರಿಗೈಯಲ್ಲಿ ನಡೆಯುವುದೇ ಲೇಸು. ಬರಿಗೈಯವರು ಎಚ್ಚರದಿಂದಾದರೂ ಹೆಜ್ಜೆ ಇಡುತ್ತಾರೆ, ಕೋಲು ಹಿಡಿದವರು ಅದನ್ನು ನಂಬಿ ಭಾರ ಹಾಕುತ್ತಾರೆ. ಪೇಟೆಯ ಔಷಧಿ ಅಂಗಡಿಯಲ್ಲಿ ಹೊಸ ರಬ್ಬರ್ ಅಲ್ಪ ಬೆಲೆಗೆ ಸಿಗುತ್ತದೆ. ಕೋಲಿನ ದಪ್ಪ ಅಳೆದುಕೊಂಡು ಹೋಗಿ, ಸಡಿಲವಾದದ್ದನ್ನು ತರಬೇಡಿ. ಮುಂಗಾರು ಹಿಡಿಯುವ ಮೊದಲು ಮನೆಯ ಸೋರುವ ಹೆಂಚು ಬದಲಾಯಿಸುತ್ತೇವೆ. ಅದೇ ವಾರ ಕೋಲಿನ ರಬ್ಬರನ್ನೂ ಬದಲಾಯಿಸುವ ರೂಢಿ ಮಾಡಿಕೊಳ್ಳೋಣ.

ಕೋಲಿನಿಂದ ಈಗ ಮನೆಯ ಕಡೆಗೆ ಬರೋಣ. ಕುಪ್ಪಳಿಯ ಕವಿಮನೆಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಬೆಳೆದ ಮನೆ ಅದು. ಜಗಲಿಯ ಎತ್ತರ, ತಲೆ ತಗ್ಗಿಸಿ ದಾಟಬೇಕಾದ ಬಾಗಿಲು, ಉಪ್ಪರಿಗೆಗೆ ಹತ್ತುವ ಕಡಿದಾದ ಮರದ ಮೆಟ್ಟಿಲು ಎಲ್ಲವನ್ನೂ ಅಲ್ಲಿ ಕಾಣಬಹುದು. ಮಳೆ, ಚಳಿ, ಕಾಡುಪ್ರಾಣಿ, ಕೂಡುಕುಟುಂಬ ಇವಕ್ಕೆ ತಕ್ಕಂತೆ ಕಟ್ಟಿದ ಮನೆಗಳು ನಮ್ಮವು. ವಾಕರ್ ಹಿಡಿದ ಒಂಟಿ ಅಜ್ಜಿಗೆಂದು ಯಾರೂ ಕಟ್ಟಲಿಲ್ಲ. ಇವುಗಳಲ್ಲಿ ಅತ್ಯಂತ ಅಪಾಯದ ಜಾಗ ಹೊಸ್ತಿಲು. ಹೊಸ್ತಿಲು ಮೆಟ್ಟಬಾರದು ಎಂದು ಹುಟ್ಟಿನಿಂದ ಕಲಿತವರು ಎಂಬತ್ತರಲ್ಲೂ ಕಾಲನ್ನು ಎತ್ತಿ ದಾಟಲು ನೋಡುತ್ತಾರೆ. ಒಂದು ಕಾಲ ಮೇಲೆ ನಿಂತಿರುವ ಆ ಗಳಿಗೆಯಲ್ಲಿ ವಾಕರಿನ ಎರಡು ಕಾಲು ಹೊಸ್ತಿಲ ಒಳಗೆ, ಎರಡು ಹೊರಗೆ ಇದ್ದರೆ ಅದು ಅಲುಗಾಡುತ್ತದೆ. ವಾಕರಿನ ನಾಲ್ಕೂ ಕಾಲುಗಳು ಆಚೆ ಹೋಗಿ ಗಟ್ಟಿಯಾಗಿ ನಿಂತ ಮೇಲೆಯೇ ಹೆಜ್ಜೆ ಎತ್ತಬೇಕು.

ಹೊಸ್ತಿಲನ್ನು ಕತ್ತರಿಸಿ ಎಂದು ನಾನು ಹೇಳುವುದಿಲ್ಲ. ಹಿರಿಯರ ಮನಸ್ಸು ನೋಯಿಸಿ ಅವರನ್ನು ಕಾಪಾಡಲಾಗದು. ಆದರೆ ನಮ್ಮ ಹಳೆಯ ಬಾಗಿಲುಗಳ ದಾರಂದ ದಪ್ಪ ಮರದ್ದು, ಆನೆ ಎಳೆದರೂ ಅಲುಗದಷ್ಟು ಗಟ್ಟಿ. ಅದರ ಎರಡೂ ಕಡೆ ಎದೆಮಟ್ಟದಲ್ಲಿ, ಕೈಗೆ ಸರಿಯಾಗಿ ಸಿಗುವ ಒಂದೂವರೆ ಇಂಚು ದಪ್ಪದ ಹಿಡಿಯನ್ನು ಬಡಗಿಯಿಂದ ಬೋಲ್ಟ್ ಹಾಕಿಸಿ ನಿಲ್ಲಿಸಿದರೆ ದಾಟುವುದು ಎಷ್ಟೋ ಸುಲಭ. ಒಂದು ಹಿಡಿ ಹೊಸ್ತಿಲ ಈಚೆ, ಒಂದು ಆಚೆ.

ಗೋಡೆಗೆ ಹಿಡಿ ಹಾಕಿಸುವಾಗ ಮಾತ್ರ ಯೋಚಿಸಿ. ನಮ್ಮ ಎಷ್ಟೋ ಗೋಡೆಗಳು ಮಣ್ಣಿನವು, ಇಲ್ಲವೇ ಜಂಬಿಟ್ಟಿಗೆಯವು. ಅವುಗಳಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಹಾಕಿದ ದಿನ ಭದ್ರವಾಗಿ ಕಾಣುತ್ತದೆ, ಜಾರಿದವರು ಪೂರ್ತಿ ಭಾರ ಹಾಕಿ ಎಳೆದ ದಿನ ಗಾರೆಯ ಸಮೇತ ಕೈಗೆ ಬರುತ್ತದೆ. ರಬ್ಬರ್ ಬಟ್ಟಲು ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ ಎಂದು ಮಾರುವ ಹಿಡಿಗಳಂತೂ ಸುಣ್ಣ ಬಳಿದ ಗೋಡೆಗೆ ಕೆಲಸಕ್ಕೆ ಬಾರದವು. ಟವೆಲ್ ಹಾಕುವ ಸರಳನ್ನು ಆಧಾರಕ್ಕೆ ಹಿಡಿಯುವ ಅಭ್ಯಾಸವೂ ಬೇಡ, ಅದು ಟವೆಲಿನ ಭಾರಕ್ಕೆ ಮಾಡಿದ್ದು. ಗಟ್ಟಿ ಗೋಡೆ ಇಲ್ಲದ ಬಚ್ಚಲಿನಲ್ಲಿ ನೆಲದಿಂದ ಮಾಡಿನ ತೊಲೆಯವರೆಗೆ ಒಂದು ಮರದ ಕಂಬ ಅಥವಾ ಜಿ.ಐ. ಪೈಪು ನಿಲ್ಲಿಸಿ. ಗೋಡೆಗೇ ಹಾಕಬೇಕೆಂದರೆ ಬೋಲ್ಟನ್ನು ಆಚೆ ಬದಿಗೆ ಹೊರಡಿಸಿ ಹಲಗೆಯೋ ತಗಡೋ ಇಟ್ಟು ಬಿಗಿಸಬೇಕು.

ಬಚ್ಚಲಿನ ಮಾತು ಬಂದಾಗ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕುಕ್ಕರುಗಾಲಿನಲ್ಲಿ ಕೂರಲಾಗದ ಹಿರಿಯರಿಗಾಗಿ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಪಾಯಿಖಾನೆಯ ಗುಂಡಿಯ ಮೇಲೆ ಇಡುವುದು ಊರೂರಲ್ಲಿ ಕಾಣುವ ಏರ್ಪಾಡು. ಮಾಡುವವರ ಉದ್ದೇಶ ಒಳ್ಳೆಯದೇ. ಆದರೆ ನಡುವೆ ಕೊರೆದ ಕುರ್ಚಿಯ ಬಲವೇ ಹೋಗಿರುತ್ತದೆ. ಒದ್ದೆ ಟೈಲ್ಸಿನ ಮೇಲೆ ಅದರ ತೆಳು ಕಾಲುಗಳು ಹೊರಕ್ಕೆ ಬಿಚ್ಚಿಕೊಳ್ಳುತ್ತವೆ. ಕೂತವರಿಗೆ ಹಿಡಿಯಲು ಏನೂ ಸಿಗದೆ ಹಿಂದಕ್ಕೆ ಬೀಳುತ್ತಾರೆ, ಬಾಗಿಲು ಒಳಗಿನಿಂದ ಚಿಲಕ ಹಾಕಿರುತ್ತದೆ. ಕಬ್ಬಿಣದ ಚೌಕಟ್ಟಿನ, ಕಾಲಿಗೆ ರಬ್ಬರ್ ಇರುವ ಕಮೋಡ್ ಕುರ್ಚಿಯನ್ನೇ ತನ್ನಿ, ಅದರ ಬೆನ್ನು ಗೋಡೆಗೆ ತಾಗಿರಲಿ, ಎಷ್ಟು ಭಾರ ತಡೆಯುತ್ತದೆಂದು ಕೇಳಿ ಕೊಳ್ಳಿ. ಬಚ್ಚಲ ಬಾಗಿಲಿನ ಒಳಚಿಲಕ ತೆಗೆಸಿಬಿಡಿ. ಮರ್ಯಾದೆಗೆ ಒಂದು ಪರದೆ ಸಾಕು.

ಗಾಲಿಕುರ್ಚಿ ತರುವ ಮೊದಲು ಅಳೆಯುವ ಟೇಪು ಹಿಡಿದು ಬಾಗಿಲುಗಳನ್ನು ಅಳೆಯಿರಿ. ಸಾಮಾನ್ಯ ಗಾಲಿಕುರ್ಚಿ ಎರಡು ಅಡಿಗಿಂತ ಹೆಚ್ಚು ಅಗಲ ಇರುತ್ತದೆ. ಮುಂಬಾಗಿಲಲ್ಲಿ ನುಗ್ಗಿದ್ದು ಬಚ್ಚಲ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿಂದ ಬಚ್ಚಲಿಗೆ ಹೋಗುವ ಕೊನೆಯ ನಾಲ್ಕು ಹೆಜ್ಜೆಯನ್ನು ಹಿರಿಯರು ಯಾವ ಆಧಾರವೂ ಇಲ್ಲದೆ ನಡೆಯಬೇಕಾಗುತ್ತದೆ. ಏಳುವಾಗ ಎರಡೂ ಬ್ರೇಕು ಹಾಕಿರಬೇಕು, ಪಾದ ಇಡುವ ತಗಡನ್ನು ಮೇಲಕ್ಕೆ ಮಡಚಿರಬೇಕು. ಅದರ ಮೇಲೆ ನಿಂತು ಏಳಲು ಹೋದರೆ ಕುರ್ಚಿಯೇ ಮುಂದಕ್ಕೆ ಮಗುಚುತ್ತದೆ.

ಇಳಿಜಾರು ದಾರಿಯ ಲೆಕ್ಕವನ್ನೂ ತಿಳಿದುಕೊಳ್ಳಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು ಎಂಬುದು ಒಪ್ಪಿತವಾದ ಅಳತೆ. ನಮ್ಮ ಜಗಲಿ 2 ಅಡಿ ಎತ್ತರವಿದ್ದರೆ ಇಳಿಜಾರು 24 ಅಡಿ ಬೇಕು. ಅಷ್ಟು ಜಾಗ ಇಲ್ಲವೆಂದು ಆರು ಅಡಿಯಲ್ಲೇ ಸಿಮೆಂಟು ಹಾಕಿ ಮುಗಿಸುತ್ತಾರೆ. ಅಂಥ ಕಡಿದಾದ ಇಳಿಜಾರು ಇಲ್ಲದಿದ್ದರೇ ಒಳ್ಳೆಯದು. ಜಾಗವಿಲ್ಲದವರು ಈಗಿರುವ ಮೆಟ್ಟಿಲನ್ನೇ ಅರ್ಧ ಎತ್ತರಕ್ಕೆ ಇಳಿಸಿ, ಒಂದೊಂದು ಮೆಟ್ಟಿಲೂ ವಾಕರ್ ಪೂರ್ತಿ ನಿಲ್ಲುವಷ್ಟು ಅಗಲ ಮಾಡಿ, ಎರಡೂ ಬದಿಗೆ ಕೈಸರಳು ಹಾಕಿಸುವುದು ಮೇಲು. ಇಳಿಜಾರಿನಲ್ಲಿ ಗಾಲಿಕುರ್ಚಿಯನ್ನು ಇಳಿಸುವಾಗ ಯಾವಾಗಲೂ ಹಿಮ್ಮುಖವಾಗಿ ಇಳಿಸಿ, ಹಿಡಿದವರು ಕೆಳಗಿನ ಕಡೆ ಇರಲಿ.

ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಕಡೆಯ ಮಳೆ ಇದೆ. ಆರಿದ್ರೆ ಹಿಡಿದು ಆಶ್ಲೇಷ ಮುಗಿಯುವ ತನಕ ಅಂಗಳ ಒಣಗುವುದಿಲ್ಲ. ಸಿಮೆಂಟು, ಕಲ್ಲು ಎಲ್ಲದರ ಮೇಲೂ ಹಾವಸೆ ಕಟ್ಟುತ್ತದೆ. ಕೆಸರು ತುಳಿಯಬಾರದೆಂದು ಹಾಸುವ ಅಡಿಕೆ ದಬ್ಬೆಗಳೇ ಹದಿನೈದು ದಿನದಲ್ಲಿ ಹಾವಸೆ ಹಿಡಿದು ಜಾರುತ್ತವೆ. ಅವುಗಳ ಸಂದಿಯಲ್ಲಿ ಕೋಲಿನ ತುದಿ ಸಿಕ್ಕಿಕೊಂಡರಂತೂ ಕೇಳುವುದೇ ಬೇಡ. ಮನೆಯಿಂದ ಬಚ್ಚಲಿಗೆ, ಕೊಟ್ಟಿಗೆಗೆ ಹೋಗುವ ದಾರಿಯೊಂದನ್ನಾದರೂ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಕಡ್ಡಿ ಪೊರಕೆಯಲ್ಲಿ ಉಜ್ಜಿಸಿ. ಹೊಸದಾಗಿ ಸಿಮೆಂಟು ಹಾಕಿಸುವವರು ಹಸಿಯಿರುವಾಗಲೇ ಪೊರಕೆ ಎಳೆದು ಒರಟು ಮಾಡಿಸಿ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ, ಇದು ನಿಮಗೆ ಗೊತ್ತಿರುವುದೇ. ವಾಕರ್ ಹಿಡಿದವರ ಎರಡೂ ಕೈ ತುಂಬಿರುತ್ತವೆ, ಅವರು ಟಾರ್ಚು ಹಿಡಿಯುವುದು ಹೇಗೆ? ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿ ದೀಪ ತೆಗೆದುಕೊಡಿ. ರಬ್ಬರ್ ಟ್ಯಾಪಿಂಗ್ ಮಾಡುವವರು ಕಟ್ಟಿಕೊಳ್ಳುತ್ತಾರಲ್ಲ, ಅಂಥದ್ದೇ. ರಾತ್ರಿ ಮೂತ್ರಕ್ಕೆ ಏಳುವವರಿಗೆ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇರಲಿ, ಅಂಗಳ ದಾಟಿ ಹೋಗುವುದು ಬೇಡ.

ವಾಕರ್ ಹಿಡಿಯುವ ಅಮ್ಮಂದಿರಿಗೆ ಕೆಲವು ಮಾತು. ಅದನ್ನು ತೀರ ಮುಂದಕ್ಕೆ ತಳ್ಳಿ ಹಿಂದಿನಿಂದ ಓಡಬೇಡಿ, ಒಂದು ತೋಳಿನಷ್ಟು ಮುಂದಿಟ್ಟು ಅದರೊಳಗೆ ಹೆಜ್ಜೆ ಹಾಕಿ. ಹೂವಿನ ಬುಟ್ಟಿ, ಹಾಲಿನ ಕ್ಯಾನು, ತರಕಾರಿ ಚೀಲವನ್ನು ಅದಕ್ಕೆ ತೂಗುಹಾಕಬೇಡಿ, ಭಾರ ಒಂದೇ ಕಡೆ ಎಳೆದು ವಾಕರ್ ವಾಲುತ್ತದೆ. ಬೇಕಾದರೆ ಹೆಗಲಿಗೆ ಸಣ್ಣ ಜೋಳಿಗೆ ಹಾಕಿಕೊಳ್ಳಿ. ಸೀರೆಯನ್ನು ಹಿಮ್ಮಡಿಗಿಂತ ಮೇಲೆ ಉಡಿ. ಸವೆದ ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಕೂರುವಾಗ ಕುರ್ಚಿಯ ಅಂಚು ಕಾಲಿನ ಹಿಂಭಾಗಕ್ಕೆ ತಾಗುವವರೆಗೆ ಹಿಂದೆ ಸರಿದು, ಕೈಯನ್ನು ಕುರ್ಚಿಯ ಹಿಡಿಗೆ ಕೊಟ್ಟು ಕುಳಿತುಕೊಳ್ಳಿ. ಏಳುವಾಗ ವಾಕರನ್ನು ಹಿಡಿದು ಎಳೆದರೆ ಅದು ನಿಮ್ಮ ಮೇಲೇ ಬರುತ್ತದೆ. ನಿದ್ದೆ ಮಾತ್ರೆ, ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಹಾಸಿಗೆಯಿಂದ ದಡಬಡ ಏಳಬೇಡಿ. ಎದ್ದು ಕೂತು, ತಲೆ ತಿರುಗುವುದಿಲ್ಲವೆಂದು ಖಾತ್ರಿಯಾದ ಮೇಲೆ ನಿಲ್ಲಿ.

ಬಿದ್ದೇಬಿಟ್ಟರೆ? ಓಡಿಬಂದವರು ರಟ್ಟೆ ಹಿಡಿದು ಎತ್ತಲು ಹೋಗಬಾರದು. ಸೊಂಟದ ಬಳಿ ತಡೆಯಲಾಗದ ನೋವು ಇದ್ದರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಅಲುಗಿಸದೆ ಕಂಬಳಿ ಹೊದಿಸಿ 108ಕ್ಕೆ ಕರೆ ಮಾಡಿ. ದೊಡ್ಡ ಚಿಕಿತ್ಸೆಗೆ ಇಲ್ಲಿಂದ ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೋಗಬೇಕು. ಆ ದಾರಿಯನ್ನು ನೆನೆದರೆ ಬೀಳದಂತೆ ನೋಡಿಕೊಳ್ಳುವುದರ ಬೆಲೆ ಗೊತ್ತಾಗುತ್ತದೆ. ಮೊಬೈಲ್ ಸಿಗ್ನಲ್ ಗುಡ್ಡ ಹತ್ತಿದರೆ ಮಾತ್ರ ಸಿಗುವ ಮನೆಗಳಲ್ಲಿ ಹಿರಿಯರ ಕೊರಳಿಗೆ ಒಂದು ಸೀಟಿ ಇರಲಿ. ಪಕ್ಕದ ಮನೆಯವರಿಗೆ ಅದರ ಸದ್ದಿನ ಅರ್ಥ ತಿಳಿಸಿರಿ.

ಬಡ ಹಿರಿಯರಿಗೆ ಈ ಸಾಧನಗಳನ್ನು ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರ ಏಪ್ರಿಲ್ 1ರಂದು ಆರಂಭವಾಯಿತು. 60 ದಾಟಿದ, ಬಡತನ ರೇಖೆಗಿಂತ ಕೆಳಗಿನ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರು ಇದಕ್ಕೆ ಅರ್ಹರು. ಸಾಧನಗಳನ್ನು ತಯಾರಿಸುವುದು ಕಾನ್ಪುರದ ಅಲಿಂಕೊ ಎಂಬ ಸರ್ಕಾರಿ ಸಂಸ್ಥೆ. ಒಂದು ವರ್ಷದವರೆಗೆ ಉಚಿತ ದುರಸ್ತಿಯೂ ಯೋಜನೆಯಲ್ಲೇ ಸೇರಿದೆ, ಇದನ್ನು ಕೇಳಿ ಪಡೆಯಬೇಕು. ಆದರೆ ಶಿಬಿರದ ಶಾಮಿಯಾನದ ಕೆಳಗೆ ಸಾಲಾಗಿ ಕೂರಿಸಿ ಕೊಟ್ಟು ಫೋಟೊ ತೆಗೆದರೆ ಕೆಲಸ ಮುಗಿಯುವುದಿಲ್ಲ. ಕೊಟ್ಟ ಸಾಧನ ಬಳಕೆಯಾಗುವುದು ಯಾವ ಹೊಸ್ತಿಲ ಮೇಲೆ, ಯಾವ ಬಚ್ಚಲಲ್ಲಿ ಎಂದು ಹೋಗಿ ನೋಡಬೇಕು. ಊರೂರಿಗೆ ಹೋಗುತ್ತಿದ್ದ ನಮ್ಮ ಕೊಪ್ಪದ ಸಹಕಾರ ಸಾರಿಗೆಯ ಬಸ್ಸು 2020ರಲ್ಲಿ ನಿಂತಿತು. ಅಂದಿನಿಂದ ಒಳಹಳ್ಳಿಯ ಹಿರಿಯರು ಫಿಸಿಯೋಥೆರಪಿಯವರ ಬಳಿ ಹೋಗಿಬರುವುದು ಇನ್ನೂ ದುಬಾರಿಯಾಗಿದೆ. ಹಿರಿಯರು ಹೋಗಲಾರದಿದ್ದರೆ ಸಲಹೆಯೇ ಮನೆಗೆ ಬರಬೇಕು.

ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ಅಂಗವಿಕಲರೇ ಆದ್ದರಿಂದ ಸಾಧನದ ಕಷ್ಟಸುಖ ಅವರಿಗೆ ಗೊತ್ತು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರಿದ್ದಾರೆ. ಮುಂಗಾರಿಗೆ ಮೊದಲು ಒಮ್ಮೆ, ಸಾಧನ ಕೊಟ್ಟ ತಿಂಗಳೊಳಗೆ ಒಮ್ಮೆ, ಅವರಲ್ಲಿ ಒಬ್ಬರು ಪ್ರತಿ ಹಿರಿಯರ ಮನೆಗೆ ಹೋಗಿ ಎತ್ತರ, ರಬ್ಬರ್, ಗುಂಡಿ, ಬ್ರೇಕು ನೋಡಿ ಬರುವಂತೆ ಪಂಚಾಯಿತಿಗಳು ನಿರ್ಣಯ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನ ಬೇಡ. ಬೆಂಗಳೂರಿನಲ್ಲಿರುವ ಮಕ್ಕಳಲ್ಲೂ ಒಂದು ವಿನಂತಿ. ವಾಕರ್ ಕಳಿಸುವ ಮೊದಲು ರಜೆ ಹಾಕಿ ಊರಿಗೆ ಬನ್ನಿ, ಅಮ್ಮನ ಜೊತೆ ಒಂದು ಹಗಲು, ಒಂದು ರಾತ್ರಿ ಆ ಮನೆಯಲ್ಲಿ ನಡೆದು ನೋಡಿ, ಆಮೇಲೆ ಕೊಳ್ಳಿ. ಹಿರಿಯರಿಗೆಂದೇ ಇರುವ ಸಹಾಯವಾಣಿಯ ಸಂಖ್ಯೆ 14567. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಕರೆ ಉಚಿತ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಪ್ಪಯ್ಯನ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿ.